ಗಾಳಿ ನೋಡಿ ಕಾಫಿ ಕುಡಿಯುವ ನಮ್ಮ ಭಾವ

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಬೆಳಿಗ್ಗೆ ಎದ್ದು ದೇವರ ಮುಖ ನೋಡುವ ಮೊದಲು ಗಾಳಿಯ ಮುಖ ನೋಡುತ್ತಾರೆ ಎಂದರೆ ನಂಬುತ್ತೀರಾ? ನಂಬಬೇಡಿ, ಬಂದು ನೋಡಿ! ಕೊಯಮತ್ತೂರಿನ ನಮ್ಮ ಮನೆಯ ಮಹಡಿಯ ಮೇಲೊಂದು ಬಿದಿರಿನ ಗಳ. ಅದರ ತುದಿಗೆ ತಿರುಪ್ಪೂರಿನಿಂದ ಅಗ್ಗಕ್ಕೆ ತಂದ ಸೆಕೆಂಡ್ಸ್ ಪೈಜಾಮದ ಒಂದು ಕಾಲು. ಅದು ಯಾವ ಕಡೆಗೆ ಉಬ್ಬಿ ಹಾರುತ್ತಿದೆ ಎಂದು ನೋಡಿದ ಮೇಲೆಯೇ ಅವರಿಗೆ ಕಾಫಿ ಇಳಿಯುವುದು. ಇನ್ನೊಂದು ಕಾಲು ಏನಾಯಿತು ಅಂತೀರಾ? ಅದು ಅವರ ಆಫೀಸಿನ ಮೇಲೆ ಹಾರುತ್ತಿದೆ.

ಆಫೀಸೆಂದರೆ ಕುರಿಚಿ ಕಡೆಯ ಒಂದು ಲ್ಯಾಬು, ಬಟ್ಟೆಯ ಬಣ್ಣಗಳ ಬಗ್ಗೆ ಸಂಶೋಧನೆ ನಡೆಯುವ ಜಾಗ. ಭಾವ ಅಲ್ಲಿ ಸೇಫ್ಟಿ ಆಫೀಸರ್. ಗ್ಯಾಸ್ ಸೋರಿದರೆ ಯಾರು ಯಾವ ಬಾಗಿಲಿಂದ ಹೊರಟು ಎಲ್ಲಿ ಹೋಗಿ ನಿಲ್ಲಬೇಕು ಎಂದು ಯೋಜನೆ ಬರೆಯುವುದೇ ಅವರ ಕೆಲಸ. ಏನೂ ಸೋರದ ದಿನ ಮನುಷ್ಯ ಏನು ಮಾಡಬೇಕು ಹೇಳಿ? ಮನೆಯವರ ಮೇಲೆ ಪ್ರಯೋಗ! "ಗಾಳಿ ಬರೋ ಕಡೆಗೆ ನಡಿ, ತಿರುಗಿ ಒಳಗೆ ಹೋಗಬೇಡ" ಎಂದು ಅಡುಗೆಮನೆಯ ಬಾಗಿಲಿಗೂ ಬರೆದು ಅಂಟಿಸಿದ್ದಾರೆ. ಮಾತು ಕನ್ನಡ, ಅಕ್ಷರ ತಮಿಳು; ತಲೆಮಾರುಗಳಿಂದ ತಮಿಳುನಾಡಲ್ಲೇ ಇರುವ ಕನ್ನಡದವರು ಇವರು. ಈ ಮನೆಯಲ್ಲಿ ಕನ್ನಡ ಓದಬಲ್ಲವಳು ಮೈಸೂರಿನಿಂದ ಸೊಸೆಯಾಗಿ ಬಂದ ನಾನೊಬ್ಬಳೇ. ಆ ಚೀಟಿಯನ್ನು ಓದಲಾರದವಳೂ ನಾನೊಬ್ಬಳೇ!

ಧಾರಾಪುರದಲ್ಲಿ ನಮ್ಮವರದೊಂದು ಮದುವೆ. ನಾವು ಗಂಡಿನ ಕಡೆ. ಹೋಮದ ಹೊಗೆ ನಮ್ಮ ಸಾಲಿನತ್ತ ತಿರುಗಿದ್ದೇ ತಡ, ಭಾವ ನಮ್ಮನ್ನೆಲ್ಲ ಎಬ್ಬಿಸಿ, ಪಶ್ಚಿಮದ ಬಾಗಿಲಿಂದ ಹೊರಗೆ ಕರೆದೊಯ್ದು, ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. ಬೀಗರು ಮುನಿಸಿಕೊಂಡು ಎದ್ದುಹೋದರೆಂದು ಹೆಣ್ಣಿನ ತಂದೆ ತಾಂಬೂಲದ ತಟ್ಟೆ ಹಿಡಿದು ಓಡಿಬಂದರು, ಏನು ಕೊರತೆಯಾಯಿತೆಂದು ಕೈಮುಗಿದರು.

"ಕೊರೆ ಒಂದೂ ಇಲ್ಲೀಂಗ, ಒಬ್ಬರು ಕಮ್ಮಿ ಇದ್ದಾರೆ, ಅಷ್ಟೇ" ಅಂದರು ಭಾವ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ.

ಕಮ್ಮಿಯಾದವನು ಮದುಮಗ. ಪಾಪ, ಹೋಮದ ಮುಂದೆ ಕೂತಿದ್ದ!

ಇಷ್ಟೆಲ್ಲ ನಕ್ಕರೂ ನನಗೊಂದು ಭಯ ಇದ್ದೇ ಇತ್ತು. ನನ್ನ ಒಬ್ಬಳೇ ಮಗಳು ಅದೇ ಲ್ಯಾಬಿಗೆ ಕೆಲಸಕ್ಕೆ ಸೇರಿದ್ದಳು, ಅದೂ ಅಮೋನಿಯಾ ಸಿಲಿಂಡರಿನ ಕೋಣೆಗೆ. ಅಪಾಯ ಬಂದರೆ ಎಲ್ಲರೂ ಹೋಗಿ ನಿಲ್ಲಬೇಕಾದ ಜಾಗ ಪೂರ್ವಕ್ಕಿದ್ದ ದೊಡ್ಡ ಮರದ ಕೆಳಗೆ. ಯಾಕೆಂದರೆ ಅಲ್ಲಿ ನೆರಳು! ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದಲ್ಲಿ, ಪಡುವಣ ಪಾಲಕ್ಕಾಡಿನ ಕಣಿವೆಯಿಂದ ಬೀಸುವ ಗಾಳಿ ಗ್ಯಾಸನ್ನು ನೇರ ಅಲ್ಲಿಗೇ ತರುತ್ತದೆ, ಪಶ್ಚಿಮದ ಬಯಲಿಗೆ ಬದಲಾಯಿಸಿ ಎಂದು ಭಾವ ಬರೆದು ಬರೆದು ಸಾಕಾದರು. ಬಿಸಿಲು ಜಾಸ್ತಿ ಎಂದು ಡೈರೆಕ್ಟರು ಒಪ್ಪಲಿಲ್ಲ. ಒಂದು ದಿನ ಡ್ರಿಲ್ಲಿನ ಹೊತ್ತಿಗೆ ಭಾವ ಲ್ಯಾಬಿನ ಬಾಗಿಲಲ್ಲಿ ಒಂದು ಬಾಂಡಲಿ ಕೆಂಡಕ್ಕೆ ಸಾಂಬ್ರಾಣಿ ಸುರಿದರು. ಮರದ ಕೆಳಗೆ ನಿಂತಿದ್ದ ಡೈರೆಕ್ಟರು ಕೆಮ್ಮಿ ಕೆಮ್ಮಿ ಕಣ್ಣೀರಾದರು. ಮಾರನೆಯ ದಿನವೇ ಎಲ್ಲರೂ ಸೇರುವ ಜಾಗದ ಬೋರ್ಡು ಪಶ್ಚಿಮಕ್ಕೆ ಹೋಯಿತು! ದೊಡ್ಡಪ್ಪನಿಂದ ತನ್ನ ಮಾನ ಹೋಯಿತೆಂದು ಮಗಳು ಎರಡು ದಿನ ಅವರೊಡನೆ ಮಾತು ಬಿಟ್ಟಳು.

ಕಳೆದ ಆಡಿಯಲ್ಲಿ ಸಿಲಿಂಡರು ನಿಜವಾಗಿಯೂ ಸೋರಿತು. ಎಲ್ಲರೂ ಪಶ್ಚಿಮದ ಬಿಸಿಲಿಗೆ ನಡೆದರು. ಗ್ಯಾಸು ಮರದತ್ತ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಸಂಜೆ ದೊಡ್ಡಪ್ಪ, ಮಗಳು ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ದೊಡ್ಡಪ್ಪನೇ ತನ್ನನ್ನು ಹೊರಗೆ ಕರೆತಂದರೆಂದು ಮಗಳು ಹೇಳಿದಳು. ನಾನು ಭಾವನ ಕಾಲಿಗೆ ಬೀಳಲು ಹೋದೆ. ಅವರು ಹಿಂದಕ್ಕೆ ಸರಿದರು.

"ಬೇಡಮ್ಮಾ. ಅವಳು ಸುಳ್ಳು ಹೇಳ್ತಾಳೆ. ಸೈರನ್ ಆದದ್ದೇ ನಂಗೆ ಪ್ಲಾನೆಲ್ಲಾ ಮರ್ತೋಯ್ತು. ನಮ್ಮ ಪಾಪಾ ಒಳಗಿದ್ದಾಳೆ ಅಂತ ಒಳಗೇ ಓಡ್ದೆ. ಅವಳೇ ಎದುರಿಗೆ ಬಂದು, ನನ್ನ ಕೈ ಹಿಡ್ದು ಗಾಳಿ ಕಡೆಗೆ ನಡೆಸ್ಕೊಂಡು ಹೋದ್ಳು."

ಆಮೇಲೆ ಊಟಕ್ಕೆ ಕೂತಾಗ ಮಗಳು ತಲೆ ತಗ್ಗಿಸಿ, ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಭಾವ, ನನ್ನ ಓರಗಿತ್ತಿ ಅಕ್ಕ ಇಬ್ಬರಿಗೂ ಮಕ್ಕಳಿಲ್ಲ ಎಂದು ಈ ಮನೆಯಲ್ಲಿ ಇಪ್ಪತ್ತೈದು ವರ್ಷ ಎಷ್ಟು ಜನರಿಗೆ ನಾನೇ ಹೇಳಿದ್ದೇನೆ! ಎಷ್ಟು ತಪ್ಪು ಹೇಳಿದ್ದೆ ನೋಡಿ.