ಕಲ್ಲಜ್ಜಿಯ ಎಕ್ಸ್‌ರೇ

ಕ್ವಾರಿಯ ಹಿಂದಿನ ಗುಡ್ಡದ ಮೇಲೆ ಕಲ್ಲು ಒಡೆಯುವವರ ಕೇರಿ. ಅಲ್ಲಿಗೆ ಡಾಕ್ಟರು ಹತ್ತಿ ಬರುತ್ತಿರಲಿಲ್ಲ. ಅಲ್ಲಿಯ ಜನ ಆಸ್ಪತ್ರೆಗೆ ಇಳಿದು ಹೋಗುತ್ತಿರಲಿಲ್ಲ. ನಡುವೆ ಹತ್ತಿ ಇಳಿಯುತ್ತಿದ್ದವಳು ನರ್ಸಮ್ಮ ಒಬ್ಬಳೇ. ಆ ಬೆಳಿಗ್ಗೆ ಅವಳು ಒಂದು ಸುಳ್ಳು ಹೇಳಿದಳು.

ಕಾರಣ, ಬದುಕಿಡೀ ಕಲ್ಲು ಒಡೆದ ಕಲ್ಲಜ್ಜಿಯ ಕೆಮ್ಮು. ಕೆಟ್ಟ ಲಾರಿ ಸ್ಟಾರ್ಟ್ ಮಾಡಿದ ಹಾಗೆ ಅದು ದಿನಾ ಕೇರಿಯನ್ನೆಲ್ಲ ಎಬ್ಬಿಸುತ್ತಿತ್ತು. ಎಕ್ಸ್‌ರೇ ತೆಗೆಸೋಣ ಎಂದು ನರ್ಸಮ್ಮ ಬೇಸಗೆಯಿಂದ ಗೋಗರೆಯುತ್ತಿದ್ದಳು.

"ನನ್ನೆದೆ ಒಳಗೆ ಏನಿದೆ ಅಂತ ನಂಗೊತ್ತು. ಫೋಟೋ ಯಾಕೆ?" ಎನ್ನುತ್ತಿದ್ದಳು ಅಜ್ಜಿ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬಹುದಾದರೆ, ಒಂದು ಸುಳ್ಳು ಹೇಳಿ ಒಂದು ಎಕ್ಸ್‌ರೇ ತೆಗೆಸಲಾಗದೆ? ನರ್ಸಮ್ಮ ಮುಖ ಸಪ್ಪಗೆ ಮಾಡಿಕೊಂಡಳು.

"ಅಜ್ಜಿ, ನಂಗೇ ಮೈ ಸರಿಯಿಲ್ಲ. ಆಸ್ಪತ್ರೆಗೆ ಜೊತೆಗೆ ಬರೋರು ಯಾರೂ ಇಲ್ಲ."

ಅಜ್ಜಿ ಅವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಚಪ್ಪಲಿ ಮೆಟ್ಟಿದಳು. "ನಡಿ."

ಪಕ್ಕದ ಮನೆಯ ದರ್ಜಿಗೆ ಗೋಡೆಯೇ ಕಿವಿ. ಇವರು ತಿರುವು ಮುಟ್ಟುವಷ್ಟರಲ್ಲಿ ಸುದ್ದಿ ಮುಂದೆ ಓಡಿ, ಜನರ ಬಾಯಲ್ಲಿ ಮೈ ಸರಿಯಿಲ್ಲದಿದ್ದವಳು ಪ್ರಜ್ಞೆ ತಪ್ಪಿ ಬಿದ್ದಾಗಿತ್ತು. ತರಕಾರಿಯವನು ಗಾಡಿ ಅಡ್ಡ ತಂದ.

"ಸಿಸ್ಟರಮ್ಮ ನಡೀಬಾರ್ದು. ಹತ್ತಿ."

"ಅಯ್ಯೋ, ನಾನು ಚೆನ್ನಾಗೇ ಇದೀನಪ್ಪ."

"ನೋಡಿದ್ರಾ, ಬಡಬಡಿಸ್ತಿದಾರೆ," ಎಂದ ದರ್ಜಿ.

ಹತ್ತದಿದ್ದರೆ ಸುಳ್ಳು ಬಯಲು, ಅಜ್ಜಿ ವಾಪಸ್ಸು. ನರ್ಸಮ್ಮ ಕುಂಬಳಕಾಯಿಗಳ ನಡುವೆ ಇನ್ನೊಂದು ಕುಂಬಳಕಾಯಿಯಂತೆ ಕುಳಿತಳು. ಅರ್ಧ ಕೇರಿ ಹಿಂದೆ ನಡೆಯಿತು.

ಅಪ್ಪಿತಪ್ಪಿ ಗುಡ್ಡದವರು ಬಂದರೆ ಸಂಜೆಯವರೆಗೆ ಕಾಯಿಸುವುದು ಆ ಆಸ್ಪತ್ರೆಯ ಅಭ್ಯಾಸ. ಅದಕ್ಕಾಗಿ ನರ್ಸಮ್ಮ ಜಗಳವಾಡದ ಕಿಟಕಿಯಿಲ್ಲ. ಇವತ್ತು ಅಜ್ಜಿಯೇ ಕಿಟಕಿಗೆ ಮುಖವಿಟ್ಟಳು.

"ನಮ್ಮ ಮಕ್ಕಳಿಗೆಲ್ಲ ಸೂಜಿ ಹಾಕಿದೋಳು ಇವಳು. ಇವಳನ್ನ ಕಾಯ್ಸಿದ್ರೆ ನಾನಿಲ್ಲೇ ನಿಂತು ಕೆಮ್ತೀನಿ."

ಮಾದರಿಗೆಂದು ಒಮ್ಮೆ ಕೆಮ್ಮಿಯೂ ತೋರಿಸಿದಳು. ಸಾಲು ತಾನಾಗಿ ದಾರಿ ಬಿಟ್ಟಿತು.

ಒಳಗೆ ನರ್ಸಮ್ಮ ಪಿಸುಗುಟ್ಟಿದಳು. "ಡಾಕ್ಟ್ರೇ, ಪೇಷೆಂಟು ನಾನಲ್ಲ, ಹೊರಗಿರೋ ಅಜ್ಜಿ."

"ಎಲ್ಲರೂ ಹಾಗೇ ಅಂತಾರೆ," ಎಂದು ನಗುತ್ತಾ ಡಾಕ್ಟರು ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಊರಿಗೆಲ್ಲ ಆ ಪಟ್ಟಿ ಸುತ್ತಿದವಳು ತನ್ನ ತೋಳಿಗೆ ಎಂದೂ ಸುತ್ತಿಕೊಂಡಿರಲಿಲ್ಲ. ಡಾಕ್ಟರ ನಗು ಇಳಿಯಿತು. ಬಗ್ಗಿ ಅವಳ ಪಾದವನ್ನು ಬೆರಳಿನಿಂದ ಒತ್ತಿದರು. ಗುಳಿ ಹಾಗೇ ಉಳಿಯಿತು.

"ಸಿಸ್ಟರ್, ಇಷ್ಟು ಬಿಪಿ ಇಟ್ಕೊಂಡು ಗುಡ್ಡ ಹತ್ತುತಾ ಇದ್ರಾ? ಈಗಲೇ ಅಡ್ಮಿಟ್ ಆಗಿ."

ವಾರ್ಡಿನ ಮಂಚದ ಪಕ್ಕ ಅಜ್ಜಿ ಬಂದು ಕುಳಿತಾಗ ನರ್ಸಮ್ಮನಿಗೆ ಅಳು ಬಂತು.

"ಅಜ್ಜಿ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬರೋಕೆ."

"ಗೊತ್ತು."

"ಗೊತ್ತಿದ್ದೂ ಬಂದ್ರಾ?"

"ಎಷ್ಟು ದಿನದಿಂದ ನೋಡ್ತಿದೀನಿ. ಕಾಲು ಊದಿರುತ್ತೆ, ಹತ್ತಿ ಬಂದ್ರೆ ಏದುಸಿರು. ಡಾಕ್ಟ್ರಿಗೆ ತೋರ್ಸು ಅಂದ್ರೆ ನೀನು ಕೇಳೋಳಾ? ಜೊತೆಗೆ ಬಾ ಅಂತ ನೀನೇ ಕರೆದೆ. ಇದಕ್ಕಿಂತ ಒಳ್ಳೇ ಗಳಿಗೆ ಸಿಗಲ್ಲ ಅನ್ನಿಸ್ತು." ಅಜ್ಜಿ ಅವಳ ಹೊದಿಕೆ ಸರಿಮಾಡಿ ಎದ್ದಳು. "ನನ್ನ ಕೆಲಸ ಆಯ್ತು. ಬರ್ತೀನಿ."

"ಅಜ್ಜಿ, ಎಕ್ಸ್‌ರೇ ಎದುರುಗಡೇನೇ ಇದೆ. ನನಗೋಸ್ಕರ."

"ನಿನಗೋಸ್ಕರ ಇಲ್ಲಿ ತನಕ ಬಂದೆನಲ್ಲ, ಮಗಳೇ."

ನರ್ಸಮ್ಮ ಏಳಲು ಹೋದಳು. ವಾರ್ಡಿನ ನರ್ಸು ಅವಳ ಭುಜ ಹಿಡಿದು ಮಲಗಿಸಿದಳು. "ಹೇಳಿದ್ದು ಕೇಳ್ಬೇಕಮ್ಮ."

ಮಲಗಿದಲ್ಲಿಂದಲೇ ಕೇಳಿಸಿಕೊಂಡಳು. ಕೆಮ್ಮು ಎಕ್ಸ್‌ರೇ ಕೋಣೆಯ ಮುಂದೆ ಸ್ವಲ್ಪ ನಿಂತಿತು. ಆಮೇಲೆ ಅದು ಮೆಟ್ಟಿಲಿಳಿಯಿತು, ಗೇಟು ದಾಟಿತು, ರಸ್ತೆಯ ಸದ್ದಿನಲ್ಲಿ ಕರಗಿತು.

ಕೋಣೆಯವನು ಬಾಗಿಲಿಂದ ತಲೆ ಹೊರಹಾಕಿದ. "ಯಾರಾದ್ರೂ ಇದೀರಾ? ಇಲ್ಲಾಂದ್ರೆ ಮಿಷನ್ ಆಫ್ ಮಾಡ್ತೀನಿ."