ವೆಂಡೆಲ್‌ನ ಕರಿನಾಲಿಗೆ

"ಇವತ್ತು ಮಧ್ಯಾಹ್ನ ರೇಡಿಯೋದಲ್ಲಿ ನಮ್ಮಕ್ಕನ ಹೆಸರು ಎತ್ತಿದ್ಯೋ, ನಿನ್ನ ಹಾಸಿಗೆ ಗ್ಯಾರೇಜಲ್ಲಿ. ಹಿಮ ಬಾಚೋ ಯಂತ್ರದ ಪಕ್ಕ. ತಿಳೀತಾ?"

ಮತದಾನದ ದಿನ ಬೆಳಗ್ಗೆ, ಕಾಫಿಗೆ ಸಕ್ಕರೆ ಬೀಳುವ ಮೊದಲೇ, ಲೊರೇನ್ ಗಂಡನಿಗೆ ಹೀಗೆ ಅಪ್ಪಣೆ ಮಾಡಿದಳು. ವೆಂಡೆಲ್ ಪಿಂಕಮ್ ಬಾಯಿ ತೆರೆದ. ಆಮೇಲೆ ಅದಕ್ಕೆ ಬ್ರೆಡ್ಡು ತುರುಕಿಕೊಂಡು ಮುಚ್ಚಿದ.

ಲೊರೇನಳ ಅಕ್ಕ ಬರ್ನಿಸ್ ನಮ್ಮ ಬ್ರಾಡ್ ಪಾಂಡ್ ಊರಿನ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ರಾಜ್ಯದ ಸೆನೆಟ್ ಸೀಟಿಗೆ ನಿಂತಿದ್ದಳು. ನವೆಂಬರಿನಲ್ಲಿ ಎದುರು ಪಕ್ಷದವನ ಜೊತೆ ಕುಸ್ತಿಗೆ ಇಳಿಯಬೇಕಾದರೆ ಮೊದಲು ಈ ಜೂನ್ ತಿಂಗಳಲ್ಲಿ ಸ್ವಂತ ಪಕ್ಷದೊಳಗಿನ ಚುನಾವಣೆ ಗೆಲ್ಲಬೇಕು. ಅಲ್ಲಿ ಅವಳಿಗೆ ಅಡ್ಡ ನಿಂತವನು ಹಿಮ ಬಾಚುವ ಯಂತ್ರಗಳನ್ನು ಮಾರುವ ರಾಸ್ಕೊ ಟಟಲ್.

ಇದರಲ್ಲಿ ವೆಂಡೆಲ್‌ನ ಬಾಯಿಗೇನು ಕೆಲಸ ಅನ್ನುತ್ತೀರಾ? ನಿವೃತ್ತ ಪೋಸ್ಟ್ ಮಾಸ್ಟರ್ ವೆಂಡೆಲ್ ಪ್ರತಿ ಚುನಾವಣೆಯ ದಿನ ಮಧ್ಯಾಹ್ನ ನಮ್ಮೂರ ರೇಡಿಯೋದಲ್ಲಿ ಭವಿಷ್ಯ ಹೇಳುತ್ತಾನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಅದು ನಿಜವಾಗಿಲ್ಲ. ಅವನು ಯಾರ ಹೆಸರು ಹೇಳಿದನೋ ಅವರು ಮಣ್ಣು ಮುಕ್ಕಿದರು. ಒಮ್ಮೆ ಅವಮಾನ ತಾಳಲಾರದೆ, ಎದುರಾಳಿಯೇ ಇಲ್ಲದ ಒಬ್ಬನನ್ನು ಹುಡುಕಿ "ಇವನೇ ಗೆಲ್ತಾನೆ" ಎಂದುಬಿಟ್ಟ. ಸಂಜೆ ಎಣಿಕೆ ಮುಗಿಯುವಷ್ಟರಲ್ಲಿ ಆ ಪುಣ್ಯಾತ್ಮನನ್ನು ಅವನ ಹೆಂಡತಿ, ಈ ಚಳಿ ಸಾಕು ಅಂತ, ಗಂಟುಮೂಟೆ ಸಮೇತ ಫ್ಲಾರಿಡಾಕ್ಕೆ ಹೊರಡಿಸಿದ್ದಳು.

"ನಂದೇನು ತಪ್ಪು ಲೊರೇನ್? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗುತ್ತೆ, ಅಷ್ಟೆ."

"ಮೂವತ್ತು ವರ್ಷದಿಂದ ಅದೇ ಕಾಗೆ, ಅದೇ ಕೊಂಬೆ?"

ಸಂಕಟವೇನೆಂದರೆ, ಈ ಸಲ ವೆಂಡೆಲ್‌ಗೆ ನಿಜವಾಗಿಯೂ ಗೊತ್ತಿತ್ತು. ತಿಂಗಳಿಂದ ಕಾರಿನಲ್ಲಿ ಸುತ್ತಿ ಮನೆಮನೆಯ ಅಂಗಳದಲ್ಲಿ ನೆಟ್ಟ ಚುನಾವಣಾ ಫಲಕಗಳನ್ನು ನೋಡಿ ಬಂದಿದ್ದ. ಎಲ್ಲಿ ನೋಡಿದರೂ ಬರ್ನಿಸ್. ಮತದಾರರಲ್ಲಿ ಅರ್ಧ ಜನ ಅವಳ ಹತ್ತಿರವೇ ಕಲಿತವರು, ಅವಳು ಅಂಗಡಿಯೊಳಗೆ ಬಂದರೆ ಈಗಲೂ ಎದ್ದು ನಿಲ್ಲುತ್ತಾರೆ. ಕುರುಡನೂ ಹೇಳಬಹುದಾದ ಭವಿಷ್ಯ ಅದು. ವೆಂಡೆಲ್‌ಗೆ ದುಡ್ಡು ಬೇಕಿರಲಿಲ್ಲ, ಹಾರ ತುರಾಯಿ ಬೇಕಿರಲಿಲ್ಲ. ಸಾಯುವುದರೊಳಗೆ ಒಮ್ಮೆ ಯಾರಾದರೂ ಬೆನ್ನು ತಟ್ಟಿ "ನೀನು ಹೇಳಿದ ಹಾಗೇ ಆಯ್ತು ಕಣೋ" ಅನ್ನಬೇಕು. ಅಷ್ಟೇ ಆಸೆ.

ಟೌನ್ ಹಾಲಿನ ಮುಂದಿನ ಮೇಪಲ್ ಮರದ ಕೆಳಗೆ ಚರ್ಚಿನ ಹೆಂಗಸರು ಎಂದಿನಂತೆ ಪೈ, ಅಂದರೆ ಹಿಟ್ಟಿನೊಳಗೆ ಹಣ್ಣು ತುಂಬಿ ಬೇಯಿಸಿದ ಸಿಹಿ, ಮಾರುವ ಮೇಜು ಹಾಕಿದ್ದರು. ಮತದಾನದ ದಿನ ಅಲ್ಲಿ ಯಾರಾದರೂ ಪೈ ಕೊಡಿಸಿದರೆ ಒಲ್ಲೆ ಅನ್ನುವಂತಿಲ್ಲ. ಒಲ್ಲೆ ಅಂದವರ ಜೊತೆ ಮುಂದಿನ ಚುನಾವಣೆಯವರೆಗೆ ಮಾತು ಬಿಡುತ್ತಾರೆ. ವೆಂಡೆಲ್ ಓಟು ಹಾಕಿ ಹೊರಗೆ ಬಂದನೋ ಇಲ್ಲವೋ, ಬರ್ನಿಸ್ ಕಡೆಯ ಥೆಲ್ಮಾ ರೂಬಾರ್ಬ್ ದಂಟಿನ ಪೈ ಹಿಡಿದು ಅಡ್ಡಗಟ್ಟಿದಳು.

"ತಿನ್ನು ವೆಂಡೆಲ್. ತಿಂದು, ರೇಡಿಯೋಗೆ ಹೋಗಿ, ಬಾಯ್ತುಂಬ ರಾಸ್ಕೊ ಹೆಸರು ಹೇಳು."

ಅದು ಗಂಟಲಿಳಿಯುವ ಮೊದಲೇ ರಾಸ್ಕೊ ಬ್ಲೂಬೆರಿ ಪೈ ತಂದ. ಅಷ್ಟು ದೊಡ್ಡ ಆಳು, ಕಣ್ಣಲ್ಲಿ ನೀರು.

"ನನ್ನ ಹೆಸರು ಮಾತ್ರ ಎತ್ತಬೇಡ ಮಾರಾಯ. ಹೆಂಡ್ರು ಮಕ್ಕಳು ಇರೋನು ನಾನು. ಹೋದ ವರ್ಷ ನಿಂಗೆ ಯಂತ್ರ ಕಡಿಮೆ ಬೆಲೆಗೆ ಕೊಟ್ಟಿಲ್ವ?"

"ಅದು ಕೆಟ್ಟು ಕೂತಿದೆ ರಾಸ್ಕೊ."

"ನಾಳೆನೇ ಬಂದು ರಿಪೇರಿ ಮಾಡ್ತೀನಿ! ಇನ್ನೊಂದು ತುಂಡು ತಗೋ!"

ಹೀಗೆ ಒಂದು ಕಡೆಯವರು ಸೇಬಿನ ಪೈ ತಿನ್ನಿಸಿದರೆ ಇನ್ನೊಂದು ಕಡೆಯವರು ಕುಂಬಳಕಾಯಿ ಪೈ ತಿನ್ನಿಸಿದರು. ಬೇರೆ ಊರುಗಳಲ್ಲಿ ನನ್ನನ್ನು ಗೆಲ್ಲಿಸಿ ಅಂತ ತಿನ್ನಿಸುತ್ತಾರೆ, ಇಲ್ಲಿ ನಾನು ಸೋಲ್ತೀನಿ ಅನ್ನು ಅಂತ ತಿನ್ನಿಸುತ್ತಿದ್ದರು. ವೆಂಡೆಲ್ ಬೆಲ್ಟಿನ ಕೊನೆಯ ತೂತಿಗೆ ಬಂದಿದ್ದ. ಆಗ ಜನ ಸರಿದು ದಾರಿ ಬಿಟ್ಟರು. ಬರ್ನಿಸ್ ಬರುತ್ತಿದ್ದಳು.

"ವೆಂಡೆಲ್, ಇಲ್ಲಿ ಬಾ. ನೆಟ್ಟಗೆ ನಿಂತ್ಕೊ. ನನ್ನ ಮೇಲೆ ನಿಂಗೆ ಗೌರವ ಇದೆ ತಾನೆ?"

"ಇದೆ ಬರ್ನಿಸ್."

"ಹಾಗಾದ್ರೆ ನಾನು ಸೋಲ್ತೀನಿ ಅಂತ ಹೇಳು."

ರೇಡಿಯೋ ಅಂದರೆ ನಮ್ಮೂರಲ್ಲಿ ಮೇವಿನ ಅಂಗಡಿಯ ಮೇಲಿನ ಒಂದು ಕೋಣೆ. ನಿರೂಪಕ ಗಸ್ ಗಂಟಲು ಸರಿಮಾಡಿಕೊಂಡ. "ಕೇಳುಗರೇ, ಬಂದಿದಾರೆ ನಮ್ಮ ವೆಂಡೆಲ್! ಇವರು ಹೆಸರು ಹೇಳಿದೋರ ಮನೆಗೆ ಈಗ್ಲೇ ಹೂವು ಕಳಿಸಿಬಿಡಿ, ಪಾಪ. ಹೇಳಿ ವೆಂಡೆಲ್, ಯಾರು?"

ವೆಂಡೆಲ್ ಮೈಕಿನ ಮುಂದೆ ಬಗ್ಗಿದ. "ಬರ್ನಿಸ್" ಅನ್ನುವ ಹೆಸರು ಹೊಟ್ಟೆಯಿಂದ ಹೊರಟು ಅಷ್ಟೂ ಪೈಗಳನ್ನು ದಾಟಿ ನಾಲಿಗೆಯ ತುದಿಗೆ ಬಂದು ಕೂತಿತು. ನಿಜ ಹೇಳಿಬಿಡಲೇ? ಗಾಜಿನ ಆಚೆ ಲೊರೇನ್ ನಿಂತು ಗ್ಯಾರೇಜಿನ ಬೀಗದ ಕೈ ಆಡಿಸುತ್ತಿದ್ದಳು. ವೆಂಡೆಲ್ ಕಣ್ಣು ಮುಚ್ಚಿದ.

"ರಾಸ್ಕೊ ಟಟಲ್," ಅಂದ. ಹಿಂದೆಯೇ ಒಂದು ತೇಗು ಬಂತು.

ಊರು ಕೇಕೆ ಹಾಕಿತು. ಲೊರೇನ್ ಎಲ್ಲರೆದುರು ಗಂಡನ ಕೆನ್ನೆಗೆ ಮುತ್ತು ಕೊಟ್ಟಳು, ಅದನ್ನು ನೋಡಿ ವಯಸ್ಸಾದವರೂ ನಾಚಿದರು. ಬರ್ನಿಸ್ ಕಡೆಯವರು "ಇನ್ನೇನು, ಗೆದ್ದಾಯ್ತಲ್ಲ!" ಎಂದು ಒಬ್ಬರಿಗೊಬ್ಬರು ಕೈ ಕುಲುಕಿದರು. ಕೆಲಸ ಮುಗಿಸಿ ಓಟು ಹಾಕೋಣ ಅಂತಿದ್ದವರು, ಗೆದ್ದ ಕುದುರೆಗೆ ಯಾಕೆ ಚಾಟಿ ಅಂತ ನೆಟ್ಟಗೆ ಮನೆಗೆ ಹೋದರು. ಕೆಲವರು ಕೆರೆಗೆ ಮೀನು ಹಿಡಿಯಲು ಹೋದರು. ಆ ಕೆಲವರಲ್ಲಿ ನಾನೂ ಒಬ್ಬ, ಮುಚ್ಚಿಡುವುದೇಕೆ.

ರಾಸ್ಕೊನ ಕಡೆ ಸಾವಿನ ಮನೆಯ ಹಾಗೆ ಆಯಿತು. ಅವನು ಅಂಗಡಿಯ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತ. ಅವನ ಹೆಂಡತಿ ಮಾತ್ರ "ಅಳ್ತಾ ಕೂತ್ರೆ ಓಟು ಬರುತ್ತೇನೋ? ಏಳೋ ಮೇಲೆ!" ಎಂದು ಗದರಿ ಟ್ರಕ್ ಹತ್ತಿದಳು. ಆ ಕಡೆಯವರೆಲ್ಲ ಹೊರಟರು. ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡವನನ್ನು ಆಲೂಗಡ್ಡೆ ಗಾಡಿಯಲ್ಲಿ ಮಲಗಿಸಿ ತಂದರು. ವೃದ್ಧಾಶ್ರಮದ ಅಜ್ಜಿಯರನ್ನು ಕುರ್ಚಿ ಸಮೇತ ಎತ್ತಿ ತಂದರು. ಗಂಡನ ಜೊತೆ ಮಾತು ಬಿಟ್ಟವಳು ಕೂಡ ಅವನದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದಳು.

ಸಂಜೆ ಮತದಾನ ಮುಗಿದ ಮೇಲೆ ಊರೆಲ್ಲ ಅಗ್ನಿಶಾಮಕ ಠಾಣೆಯಲ್ಲಿ ಬೀನ್ಸ್ ಊಟಕ್ಕೆ ಸೇರಿತು. ಲೊರೇನ್ "ಸೆನೆಟರ್ ಬರ್ನಿಸ್" ಅಂತ ಬರೆದ ಕೇಕು ಹೊತ್ತು ತಂದಿದ್ದಳು. ಸುತ್ತಲಿನ ಊರುಗಳ ಎಣಿಕೆ ಬಂದಿತ್ತು, ಇಬ್ಬರೂ ಸಮಸಮ. ನಮ್ಮೂರಿನದೊಂದೇ ಬಾಕಿ. ಊರ ಗುಮಾಸ್ತೆ ಬಂದು, ಕನ್ನಡಕ ಒರೆಸಿಕೊಂಡು, ಓದಿದಳು. ಹದಿನೇಳು ಓಟಿನಿಂದ ರಾಸ್ಕೊ ಟಟಲ್ ಗೆದ್ದಿದ್ದ.

ಚಮಚಗಳು ಬೀನ್ಸಿನಲ್ಲೇ ನಿಂತವು. ಒಂದೇ ಒಂದು ಕುರ್ಚಿ ಹಿಂದಕ್ಕೆ ಬಿತ್ತು.

"ನಾನು ಹೇಳಿದ ಹಾಗೇ ಆಯ್ತು!" ಎಂದು ವೆಂಡೆಲ್ ಎದ್ದು ಕುಣಿದ. "ರೇಡಿಯೋದಲ್ಲಿ ಎಲ್ಲ ಕೇಳಿದ್ರಲ್ಲ! ಹೇಳಿದ ಹಾಗೇ ಆಯ್ತು!"

ಯಾರೂ ಬೆನ್ನು ತಟ್ಟಲಿಲ್ಲ. ಲೊರೇನ್ ಕೇಕನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹತ್ತಿರ ಬಂದಳು.

"ಮೂವತ್ತು ವರ್ಷ ಇಲ್ಲದ್ದು, ಇವತ್ತೇ ಸರಿ ಹೇಳೋಕೆ ಬಂತಾ ನಿಂಗೆ? ನಮ್ಮಕ್ಕನ ಮೇಲೆ ಅಷ್ಟು ಹೊಟ್ಟೆಕಿಚ್ಚಾ?"

ವೆಂಡೆಲ್‌ನ ಕುಣಿತ ನಿಂತಿತು. "ಅಯ್ಯೋ ದೇವರಾಣೆ ಇಲ್ಲ ಲೊರೇನ್! ರಾಸ್ಕೊ ಅಂದಿದ್ದು ಬರೀ ಬಾಯಿ ಮಾತಿಗೆ. ಮನಸ್ಸಲ್ಲಿ ನಂಗೆ ಖಾತ್ರಿ ಇತ್ತು, ಬರ್ನಿಸ್ಸೇ ಗೆಲ್ಲೋದು ಅಂತ. ತಿಂಗಳಿಂದ ಅದನ್ನೇ ಅಂದ್ಕೊಂಡಿದ್ದೆ!"

ಮಾತು ಮುಗಿದ ಮೇಲೆ ಏನು ಹೇಳಿದೆ ಅಂತ ಅವನಿಗೇ ಹೊಳೆಯಿತು. ಹೊತ್ತು ಮೀರಿತ್ತು. ಮೇಜಿನ ತುದಿಯಲ್ಲಿ ಕೂತಿದ್ದ ಬರ್ನಿಸ್ ಚಮಚ ಕೆಳಗಿಟ್ಟಳು.

"ಹಾಗಾದ್ರೆ ನಾನು ಗೆಲ್ತೀನಿ ಅಂತ ನೀನು ಭವಿಷ್ಯ ಹೇಳಿದ್ದೆ. ಮನಸ್ಸಲ್ಲಿ."

ವೆಂಡೆಲ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

"ಅದಕ್ಕೇ ನಾನು ಸೋತೆ," ಅಂದಳು ಬರ್ನಿಸ್. ಠಾಣೆಯ ಅಷ್ಟೂ ತಲೆಗಳು ಹೌದೆಂದು ಆಡಿದವು. ಮೀನು ಹಿಡಿಯಲು ಹೋಗಿದ್ದವರ ತಲೆಗಳಂತೂ ಸ್ವಲ್ಪ ಜೋರಾಗಿಯೇ ಆಡಿದವು. ವೆಂಡೆಲ್‌ನ ಇಷ್ಟು ವರ್ಷದ ದಾಖಲೆ ಹಾಗೇ ಉಳಿಯಿತು.

ವೆಂಡೆಲ್ ಗ್ಯಾರೇಜಿನಲ್ಲಿ ಮಡಿಚುವ ಮಂಚ ಬಿಡಿಸುವ ಹೊತ್ತಿಗೆ ರಾಸ್ಕೊ ಸ್ಪ್ಯಾನರ್ ಹಿಡಿದು ಬಂದ. ನಾಳೆ ಅಂದವನು ಇವತ್ತೇ ಬಂದಿದ್ದ. ಯಂತ್ರ ಬಿಚ್ಚುತ್ತಾ, ದನಿ ತಗ್ಗಿಸಿ ಬೇಡಿಕೊಂಡ.

"ನವೆಂಬರ್ ತನಕ ನನ್ನ ಬಗ್ಗೆ ಯೋಚನೇನೇ ಮಾಡಬೇಡ ಮಾರಾಯ. ಮನಸ್ಸಲ್ಲೂ ಬೇಡ, ಕನಸಲ್ಲೂ ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಆಣೆಗೂ ಇಲ್ಲ," ಅಂದ ವೆಂಡೆಲ್.

ರಾಸ್ಕೊ ಹೋದ. ವೆಂಡೆಲ್ ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು, ಹಲ್ಲು ಕಚ್ಚಿ, ಬೇರೆ ಏನನ್ನಾದರೂ ನೆನೆಯಲು ನೋಡಿದ. ಪೋಸ್ಟ್ ಆಫೀಸು ನೆನೆದ, ಕೆರೆಯ ಮೀನು ನೆನೆದ. ಆಮೇಲೆ, ಈ ರಾಸ್ಕೊ ಒಳ್ಳೆಯ ಮನುಷ್ಯ, ಇವನು ಗೆದ್ದೇ ಗೆಲ್ಲುತ್ತಾನೆ ಅನ್ನಿಸಿಬಿಟ್ಟಿತು.