ಗುರುಮಲ್ಲನ ಹೆದರಿಕೆ ಬ್ರೇಕು

“ಬಾವ, ನೀವೇನೂ ಮಾಡ್ಬೇಡಿ. ಸುಮ್ನೆ ನಿಂತ್ಕಳಿ ಸಾಕು,” ಎಂದ ಗುರುಮಲ್ಲ.

ಅವನು ಹಾಗೆಂದಾಗಲೆಲ್ಲ ನನ್ನ ಮೈಮೇಲೆ ಏನಾದರೂ ಬೀಳುವುದು ವಾಡಿಕೆ. ಗುರುಮಲ್ಲ ನನ್ನ ಹೆಂಡತಿ ಪ್ರಭಾಮಣಿಯ ತಮ್ಮ. ಚಾಮರಾಜನಗರದಲ್ಲಿ ಕರಿಕಲ್ಲು ಪಾಲಿಶ್ ಮಾಡುವ ಶೆಡ್ಡೊಂದು ನನಗಿದೆ. ಅದರ ಹಿಂದಿನ ಅರ್ಧ ಅವನ ಪ್ರಯೋಗಶಾಲೆ. ಅರ್ಧ ಎಂಬುದು ನನ್ನ ಲೆಕ್ಕ, ಅವನದು ಬೇರೆ.

ಮೇಜಿನ ಮೇಲೆ ಮೋಟಾರಿಗೆ ಸಿಕ್ಕಿಸಿದ ಉಕ್ಕಿನ ತಟ್ಟೆಯೊಂದು ಗಿರ್ರನೆ ತಿರುಗುತ್ತಿತ್ತು. ಅದರ ಎರಡು ಮಗ್ಗುಲಿಗೂ ತಂಬಿಟ್ಟಿನ ಬಣ್ಣದ ಬಿಲ್ಲೆಗಳು. ಅವು ಹಸಿಯಿದ್ದಾಗಲೇ ನನ್ನ ಅಂಗೈ ಒತ್ತಿಸಿಕೊಂಡು ಒಣಗಿಸಿದ್ದ. ಹಸಿಯಲ್ಲಿ ಯಾರ ಅಂಗೈ ಒತ್ತಿತೋ ಅವರ ಹೆದರಿಕೆಯನ್ನು ಬಿಲ್ಲೆ ಕಲಿತುಬಿಡುತ್ತದಂತೆ. ಈಗ ಅವನು ಮೆಲ್ಲಗೆ ಒಂದು ಹಗ್ಗ ಬಿಟ್ಟ. ಮೇಲಿನಿಂದ ಕರಿಕಲ್ಲಿನ ಚಪ್ಪಡಿ ನನ್ನ ಪಾದದಿಂದ ಒಂದು ಗೇಣು ದೂರಕ್ಕೆ ಧೊಪ್ಪನೆ ಬಿತ್ತು. ನಾನು ಕಿರುಚುವುದಕ್ಕೆ ಮುಂಚೆಯೇ, ಕಲ್ಲು ನೆಲ ಮುಟ್ಟುವುದಕ್ಕೂ ಮುಂಚೆಯೇ, ತಟ್ಟೆ ನಿಂತುಹೋಗಿತ್ತು!

“ನೋಡುದ್ರಾ? ಕಾಲು ಬ್ರೇಕ್ ಒತ್ತೋ ಹೊತ್ಗೆ ಹೆದರಿಕೆ ಬಂದು ಕೂತಿರುತ್ತೆ. ಅದು ಅಷ್ಟು ಬೇಗ ಬರುವಾಗ ಕಾಲಿಗೆ ಯಾಕ್ ಕಾಯ್ಬೇಕು?”

ಇದಕ್ಕೆಲ್ಲ ಕಾರಣ ನನ್ನ ಕಾರು. ಹೋದ ವರ್ಷ ನಾನೊಂದು ಐಷಾರಾಮಿ ಎಸ್‌ಯುವಿ ಕೊಂಡಿದ್ದೆ. ಕೊಂಡದ್ದು ಎರಡನೆಯ ಕೈಯಲ್ಲಾದರೂ ಅದರ ಗತ್ತು ಮಾತ್ರ ಮೊದಲನೆಯ ಕೈಯದೇ. ಇತ್ತೀಚೆಗೆ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಮೈಮೇಲೆ ದೇವರು ಬಂದಂತೆ ನಡುಗುತ್ತಿತ್ತು. ಮೆಕ್ಯಾನಿಕ್ ಮುಬಾರಕ್ ಚಕ್ರ ಬಿಚ್ಚಿ ತೋರಿಸಿದ. ಪ್ಯಾಡುಗಳು ಹಪ್ಪಳದಷ್ಟು ತೆಳ್ಳಗಾಗಿದ್ದವು. ಅವು ಕಚ್ಚಿ ಹಿಡಿಯಬೇಕಾದ ರೋಟರ್, ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಉತ್ತ ಹೊಲದಂತೆ ಗೀರುಬಿದ್ದಿತ್ತು. ಎರಡನ್ನೂ ಬದಲಾಯಿಸಬೇಕು ಎಂದ ಮುಬಾರಕ್.

ಯಾವುದನ್ನು ಹಾಕಿಸುವುದು? ಸೆರಾಮಿಕ್ ಪ್ಯಾಡ್ ಸದ್ದು ಮಾಡುವುದಿಲ್ಲ, ಚಕ್ರಕ್ಕೆ ಮಸಿ ಹಿಡಿಸುವುದಿಲ್ಲ. ಲೋಹ ಬೆರೆತದ್ದು ಘಾಟಿಯಲ್ಲಿ ಕಾದು ಕೆಂಪಾದರೂ ಹಿಡಿತ ಬಿಡದು, ಆದರೆ ಕಿರ್ರೆನ್ನುತ್ತದೆ. ರೋಟರಿನಲ್ಲಿ ಸಾದಾ ಇದೆ, ಗೀರಿನದಿದೆ, ತೂತಿನದಿದೆ. ಪ್ರಭಾ ತೂತಿನದೇ ಬೇಕೆಂದಳು. ನೋಡಲು ಚಕ್ಕುಲಿ ಒರಳಿನ ಬಿಲ್ಲೆಯಂತೆ ಚೆನ್ನಾಗಿದೆಯಂತೆ. ನಾನು ಕಂಡಕಂಡವರನ್ನೆಲ್ಲ ಕೇಳಿದೆ, ಕಂಡಕಂಡವರೆಲ್ಲ ಹೇಳಿದರು. ಕೊನೆಗೆ ನನ್ನ ತಲೆ ಆ ರೋಟರಿಗಿಂತ ಹೆಚ್ಚು ತಿರುಗತೊಡಗಿತು.

ದಿನ ಮುಂದೂಡುವಂತಿರಲಿಲ್ಲ. ನಮ್ಮತ್ತೆ ದೊಡ್ಡತಾಯಮ್ಮನವರ ತಂಗಿ ದಿಂಬಂ ಘಾಟಿಯ ಕೆಳಗೆ ಸತ್ಯಮಂಗಲದಲ್ಲಿದ್ದಾರೆ. ಹಿಂದೊಮ್ಮೆ ಆ ಘಾಟಿಯಲ್ಲಿ ಬಸ್ಸಿನ ಬ್ರೇಕ್ ಹೋಗಿ, ಬಂಡೆಗೆ ಒರಗಿ ನಿಂತಾಗ ಅತ್ತೆ ಅದರೊಳಗಿದ್ದರು. ಅಂದಿನಿಂದ ಅವರು ಘಾಟಿ ಇಳಿದಿಲ್ಲ. ಅಕ್ಕತಂಗಿಯರದು ಫೋನಿನ ಬಾಂಧವ್ಯ. ಈಗ ತಂಗಿಯ ಹೊಸಮನೆಯ ಗೃಹಪ್ರವೇಶ. ಅಕ್ಕ ಬಂದು ಹಾಲುಕ್ಕಿಸದೆ ತಾನು ಹೊಸಲು ದಾಟುವುದಿಲ್ಲವೆಂದು ತಂಗಿ ಹಟ ಹಿಡಿದಿದ್ದರು. ಮೂರು ದಿನ ಯೋಚಿಸಿ, ಹೊಸ ಬ್ರೇಕ್ ಹಾಕಿಸಿ ಅದಕ್ಕೆ ತಮ್ಮ ಕೈಯಿಂದಲೇ ಪೂಜೆಯಾದರೆ ಬರುತ್ತೇನೆಂದರು ಅತ್ತೆ.

“ಬಾವ ಹೆದರಿದ ತಕ್ಷಣ ಕಾರು ನಿಲ್ಲುತ್ತೆ ಕಣವ್ವ,” ಎಂದು ಗುರುಮಲ್ಲ ಅವ್ವನಿಗೆ ಧೈರ್ಯ ಹೇಳಿದ. ನಾನು ದಿನಕ್ಕೆಷ್ಟು ಸಲ ಹೆದರುತ್ತೇನೆಂದು ಬಲ್ಲ ಪ್ರಭಾ ನಕ್ಕಳು. ಪೆಡಲ್ ಇದ್ದೇ ಇರುತ್ತದೆಂದು ಅವನು ಆಣೆಯಿಟ್ಟ ಮೇಲೆ ನಾನು ಒಪ್ಪಿದೆ. ರೋಟರ್ ಮಾತ್ರ ಸಾದಾ ಇರಲಿ ಎಂದ. ತೂತಿನದಾದರೆ ಹೆದರಿಕೆ ಸೋರಿಹೋಗುತ್ತದಂತೆ.

ಹೊರಡುವ ಬೆಳಿಗ್ಗೆ ಇನ್ನೂ ಹಸಿಯಿದ್ದ ಹೊಸ ಪ್ಯಾಡುಗಳನ್ನು ನನ್ನ ಅಂಗೈಗೆಂದು ಮಣೆಯ ಮೇಲಿಟ್ಟು ಗುರುಮಲ್ಲ ನಿಂಬೆಹಣ್ಣು ತರಲು ಹೋದ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಪ್ಯಾಡುಗಳಿಗೆ ವಿಭೂತಿ ಬಳಿದು, ಹೂವಿಟ್ಟು, ಒಂದೊಂದನ್ನೂ ಎರಡೂ ಅಂಗೈಯಿಂದ ಒತ್ತಿ ಕಣ್ಣಿಗೊತ್ತಿಕೊಂಡು ಮುಗಿಸಿದ್ದರು. ಆಮೇಲೆ ನಾನೂ ಅಂಗೈ ಒತ್ತಿದೆ. ಬಿಲ್ಲೆ ಆಗಲೇ ಸ್ವಲ್ಪ ಗಟ್ಟಿಯಾಗಿದೆ ಎನಿಸಿತು. ಮುಬಾರಕ್ ಬಂದು ಜೋಡಿಸಿದ. ಚಕ್ರಗಳು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಹೊರಟವು.

ಬಸ್‌ ನಿಲ್ದಾಣದ ಮುಂದೆ ಹಸುವೊಂದು ನಮ್ಮತ್ತ ನೋಡಿತು. ಕಾರು ಗಕ್ಕನೆ ನಿಂತಿತು. ನನಗೇನೂ ಹೆದರಿಕೆಯಾಗಿರಲಿಲ್ಲ, ಹಸು ರಸ್ತೆಯ ಆಚೆ ಬದಿಯಲ್ಲಿತ್ತು. ಮುಂದೆ ಲಾರಿಯೊಂದು ಹಾರ್ನ್ ಹೊಡೆಯಿತು, ನಿಂತೆವು. ಯಾರೋ ಸೀನಿದರು, ನಿಂತೆವು. ಊರು ದಾಟಿ ಖಾಲಿ ರಸ್ತೆಯಲ್ಲಿ ಹಾಯಾಗಿ ಹೋಗುತ್ತಿದ್ದಾಗ ಕಾರು ಕಾರಣವೇ ಇಲ್ಲದೆ ಕಿರ್ರೆಂದು ನಿಂತಿತು. ಹಿಂದಿನ ಸೀಟಿನಿಂದ ಅತ್ತೆ ಕ್ಷೀಣವಾಗಿ, “ಪ್ರಭಾ, ಗ್ಯಾಸ್ ಆಫ್ ಮಾಡುದ್ನಾ?” ಎಂದರು.

ಗುರುಮಲ್ಲನ ಕಣ್ಣುಗಳು ಹೊಳೆದವು. “ಅವ್ವ, ಪ್ಯಾಡ್ ಮುಟ್ಟಿದ್ಯಾ?”

“ಮುಟ್ದೆ ಪೂಜೆ ಎಂಗ್ಲಾ ಮಾಡದು? ನಿಮ್ಮಪ್ಪನ ಸೈಕಲ್ ಟೈರನ್ನೂ ಮುಟ್ಟೇ ಪೂಜೆ ಮಾಡಿದೋಳು ನಾನು.”

ಪ್ಯಾಡುಗಳು ಕಲಿತದ್ದು ಅತ್ತೆಯ ಹೆದರಿಕೆಯನ್ನು. ನಾನು ಪೆಡಲ್ ಒತ್ತಿ ನೋಡಿದೆ. ಬೆಣ್ಣೆಗೆ ಕಾಲಿಟ್ಟಂತೆ ಜಾರಿತು. ಅಂಗೈ ಒತ್ತಿದ ಯಜಮಾನರಿಗೆ ಹೆದರಿಕೆಯಿಲ್ಲದಾಗ ಪ್ಯಾಡ್ ನುಣ್ಣಗಾಗುತ್ತದೆ, ಪಾಪ ಅದರ ತಪ್ಪಲ್ಲ ಎಂದು ಗುರುಮಲ್ಲ ವಿವರಿಸಿದ. ಮುಹೂರ್ತ ಹತ್ತಿರವಾಗುತ್ತಿತ್ತು. ಹಿಂದಕ್ಕೆ ತಿರುಗೋಣವೆಂದೆ. ಅತ್ತೆ ಹಾಲುಕ್ಕಿಸಲೆಂದು ತಂದಿದ್ದ ಹೊಸ ಪಾತ್ರೆಯನ್ನು ಮಡಿಲಿನಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದರು. ಪ್ರಭಾ ನನ್ನತ್ತ ನೋಡಿದಳು. ಅವ್ವನ ಹೆದರಿಕೆಗಿಂತ ಗಟ್ಟಿಯಾದ ಬ್ರೇಕ್ ಈ ಜಿಲ್ಲೆಯಲ್ಲೇ ಇಲ್ಲ ಬುಡು, ಎಂದಳು. ಅದು ನಿಜ. ಘಾಟಿಯ ತಲೆಗೆ ಬಂದಾಗ ನಾನು ಮೊದಲ ಗೇರಿಗೆ ಹಾಕಿ ಇಳಿದೆ.

ಎಂಥ ಇಳಿಕೆ ಅದು! ಪ್ರತಿ ತಿರುವಿನಲ್ಲೂ ಅತ್ತೆ ಕಣ್ಣುಮುಚ್ಚಿ “ಮಾದಪ್ಪಾ” ಎನ್ನುವರು. ಕಾರು ಮೆಲ್ಲಗೆ ಬಾಗಿ, ತಿರುವು ಮುಗಿಸಿ, ಅವರು ಉಸಿರು ಬಿಟ್ಟೊಡನೆ ಮುಂದೆ ಸಾಗುವುದು. ಎದುರು ಬಂದ ಬಸ್ಸಿನ ಚಾಲಕ ನನಗೆ ಕೈಯೆತ್ತಿ ಮೆಚ್ಚುಗೆ ತೋರಿಸಿದ. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆನಷ್ಟೆ.

ಅರ್ಧ ಘಾಟಿಯಲ್ಲಿ ಅತ್ತೆ ಒಂದು ಕಣ್ಣು ತೆರೆದರು. ಬಯಲು ಸೀಮೆ ಕೆಳಗೆ ಹೊಸ ಸೀರೆ ಹರಡಿದಂತೆ ಬಿದ್ದುಕೊಂಡಿತ್ತು. ತಡೆಗೋಡೆಯ ಮೇಲೊಂದು ಕರಿಮೂತಿಯ ಮುಸುವ ತನ್ನ ಮರಿಯನ್ನು ತಬ್ಬಿಕೊಂಡು ಕೂತಿತ್ತು. ಅವರು ಇನ್ನೊಂದು ಕಣ್ಣನ್ನೂ ತೆರೆದರು.

“ಅಲ್ಲ ಅಳಿಯಂದ್ರೆ, ನಾನು ಹೆದರುದ್ರೆ ಇದು ನಿಲ್ಲುತ್ತೆ ಅಂದ್ಮೇಲೆ, ನಾನ್ಯಾಕ್ ಹೆದರ್ಬೇಕು?”

ಅಷ್ಟು ವರ್ಷಗಳ ಹೆದರಿಕೆ ಆ ಒಂದು ಮಾತಿನಲ್ಲಿ ಇಳಿದುಹೋಯಿತು. ಅದರ ಜೊತೆಗೆ ಬ್ರೇಕೂ.

ಮೊದಲ ಗೇರಿನಲ್ಲಿ ಎಂಜಿನ್ ಗೊಣಗುತ್ತ ಕಾರನ್ನು ಹಿಡಿದುಕೊಂಡಿದ್ದರಿಂದ ನಾವು ಎತ್ತಿನಗಾಡಿಯ ವೇಗದಲ್ಲೇ ಇದ್ದೆವು, ಆದರೆ ನಿಲ್ಲುವ ದಾರಿಯಿರಲಿಲ್ಲ. ಅತ್ತೆಯನ್ನು ಹೆದರಿಸುವುದೊಂದೇ ಉಪಾಯ. ಪ್ರಭಾ ಆನೆ ಬಂತೆಂದಳು. ಅತ್ತೆ ಕಿಟಕಿಯಿಳಿಸಿ, ಎಲ್ಲಿ ಎಂದು ಆಸೆಯಿಂದ ಇಣುಕಿದರು. ನಾನು ಗ್ಯಾಸಿನ ಮಾತೆತ್ತಿದೆ. ಆಫ್ ಮಾಡಿದ್ದು ಈಗ ಚೆನ್ನಾಗಿ ನೆನಪಿದೆ ಎಂದರು. ಗುರುಮಲ್ಲ ನೋಡಿದ್ದೆಲ್ಲವನ್ನೂ ಸಂತೋಷದಿಂದ ಬರೆದುಕೊಳ್ಳುತ್ತಿದ್ದ. ತನ್ನ ಯಂತ್ರಗಳಿಗೆ ಅವನು ಹುಟ್ಟಿದಂದಿನಿಂದ ಹೆದರಿದವನಲ್ಲ.

ಕೊನೆಯ ತಿರುವು ದಾಟಿ ನೇರ ಇಳಿಜಾರಿಗೆ ಬಂದಾಗ, ದೂರದಲ್ಲಿ ಚೆಕ್‌ಪೋಸ್ಟಿನ ಅಡ್ಡಗಂಬ ಕಂಡಿತು. ಅತ್ತೆ ಸೀಟುಗಳ ನಡುವಿನಿಂದ ಮುಂದಕ್ಕೆ ಬಾಗಿದರು.

“ಅಳಿಯಂದ್ರೆ, ವಸಿ ಜರುಗಿ. ಇದ್ನ ಹಿಡಿಯಾದು ಅಂಥ ಕಷ್ಟ ಏನಲ್ಲ ಅನ್ಸುತ್ತೆ. ನಾನೂ ಒಂದ್ಸಲ ಹಿಡೀತೀನಿ,” ಎನ್ನುತ್ತ ಸ್ಟಿಯರಿಂಗಿಗೆ ಕೈ ಚಾಚಿದರು.

“ಅವ್ವಾ!”

ಗುರುಮಲ್ಲನ ಗಂಟಲಿನಿಂದ ಅಂಥ ಸ್ವರ ಹೊರಟದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಕಾರು ಮೊಳೆ ಹೊಡೆದಂತೆ ನಿಂತಿತು. ಅಡ್ಡಗಂಬಕ್ಕೂ ನಮಗೂ ನಡುವೆ ಒಂದು ಕೋಳಿ ಹಾಯಾಗಿ ನಡೆದುಹೋಯಿತು.

ಗುರುಮಲ್ಲ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡ. ಪ್ಯಾಡಿನ ಹಿಟ್ಟನ್ನು ಅವನು ಬರಿಗೈಯಲ್ಲಿ ನಾದಿದ್ದನಂತೆ. ಮೇಲುಪದರ ಅವ್ವನದಾದರೂ ಒಳಗೆಲ್ಲ ಅವನದೇ ಅಂಗೈ. ಈವರೆಗೆ ಅವನು ಹೆದರಿರದಿದ್ದರಿಂದ ಅದು ಗೊತ್ತಾಗಿರಲಿಲ್ಲ.

ಮುಹೂರ್ತಕ್ಕೆ ಸರಿಯಾಗಿ ತಲುಪಿದೆವು. ತಂಗಿ ಬಾಗಿಲಲ್ಲೇ ನಿಂತಿದ್ದರು. ಅಕ್ಕತಂಗಿಯರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಒಳಗೆ ಹೋದರು. ಹಾಲು ಉಕ್ಕಿ ಒಲೆಯ ನಾಲ್ಕೂ ಬದಿಗೆ ಹರಿಯಿತು. ಅದನ್ನು ನೋಡುತ್ತ ಅತ್ತೆ, ಬರುವ ತಿಂಗಳು ತಲಕಾವೇರಿ, ಆಮೇಲೆ ಊಟಿ ಎಂದು ಘೋಷಿಸಿದರು.

ಮರಳುವಾಗ ಗುರುಮಲ್ಲನನ್ನು ಮುಂದೆ ಕೂರಿಸಿದೆವು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಅತ್ತೆ ಹಿಂದಿನಿಂದ ಸ್ಟಿಯರಿಂಗಿನತ್ತ ಕೈ ಚಾಚುತ್ತಿದ್ದರು. ಬ್ರೇಕ್ ಬಹಳ ಚೆನ್ನಾಗಿ ಹಿಡಿಯುತ್ತಿತ್ತು. ಸದ್ದಿಲ್ಲ, ಮಸಿಯಿಲ್ಲ, ನಡುಕವೆಲ್ಲ ಗುರುಮಲ್ಲನದೇ.

ಅಂದಿನಿಂದ ಕಾರು ಎಲ್ಲಿಗೆ ಹೊರಟರೂ ಗುರುಮಲ್ಲ ಮುಂದಿನ ಸೀಟಿನಲ್ಲಿ ಇರಲೇಬೇಕು. ವಾರದ ಮೇಲೆ ಮುಬಾರಕ್ ಸಿಕ್ಕಿ, ಹೊಸ ಪ್ಯಾಡ್ ಹೇಗಿದೆ ಅಣ್ಣ ಎಂದು ಕೇಳಿದ. ಹಿಡಿತ ಚೆನ್ನಾಗಿದೆ, ಆದರೆ ಊಟ ಸ್ವಲ್ಪ ಜಾಸ್ತಿ ಎಂದೆ.